ಕಲಬುರಗಿಯ ಬಿಸಿಲು, ಎರೆಮಣ್ಣು, ಪಕ್ಕದ ಮನೆಯವರ ಮಧ್ಯಾಹ್ನದ ನಿದ್ದೆ: ಸ್ಕೇಟ್‌ಬೋರ್ಡ್ ರ‍್ಯಾಂಪ್ ಹೇಗೆ ಕಟ್ಟಬೇಕು?

ಮೂರಡಿ_ರ‍್ಯಾಂಪ್ (ಕಲಬುರಗಿ), ಚರ್ಚೆ ಆರಂಭಿಸಿದವರು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಗೆ ಹೊಂದಿಕೊಂಡಂತೆ ತಂದೆಯವರ ಹೆಸರಿನಲ್ಲಿ ಮೂವತ್ತು-ನಲವತ್ತರ ಒಂದು ಖಾಲಿ ನಿವೇಶನವಿದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ಕೇಟ್‌ಬೋರ್ಡಿಂಗ್ ಮೊದಲ ಬಾರಿಗೆ ಸೇರಿದಾಗ, ಹದಿಮೂರು ವರ್ಷದ ಇಬ್ಬರು ಹುಡುಗಿಯರು ಚಿನ್ನ, ಬೆಳ್ಳಿ ಗೆದ್ದದ್ದನ್ನು ನೋಡಿದ ನನ್ನ ಮಗನಿಗೆ ಹಿಡಿದ ಹುಚ್ಚು ಇನ್ನೂ ಇಳಿದಿಲ್ಲ. ಅವನಿಗೂ ಓಣಿಯ ನಾಲ್ಕಾರು ಮಕ್ಕಳಿಗೂ ಆಗಲೆಂದು ಆ ನಿವೇಶನದಲ್ಲಿ ಮೂರು ಅಡಿ ಎತ್ತರ, ಎಂಟು ಅಡಿ ಅಗಲದ ಒಂದು ಕ್ವಾರ್ಟರ್ ಪೈಪ್, ಅಂದರೆ ಬುಡದಿಂದ ಆರೂವರೆ ಅಡಿ ತ್ರಿಜ್ಯದ ಬಾಗಿನಲ್ಲಿ ಮೇಲೇರುವ ರ‍್ಯಾಂಪ್, ಕಟ್ಟಿಸಿದೆ. ಕಾಡುಕಟ್ಟಿಗೆಯ ಚೌಕಟ್ಟು, ಅದರ ಮೇಲೆ ಒಮ್ಮೆ ಬಳಸಿ ಬಿಟ್ಟ ಹನ್ನೆರಡು ಮಿಲಿಮೀಟರಿನ ಸೆಂಟ್ರಿಂಗ್ ಪ್ಲೈ, ಅದರ ಮೇಲೆ ಎರಡು ಮಿಲಿಮೀಟರಿನ ಕಬ್ಬಿಣದ ತಗಡು.

ಎರಡನೆಯ ಬೇಸಿಗೆ ಮುಗಿಯುವಷ್ಟರಲ್ಲಿ ಅದು ಮಕ್ಕಳಿಗಿಂತ ಹೆಚ್ಚಾಗಿ ನನ್ನನ್ನೇ ಆಡಿಸತೊಡಗಿತು. ಮೇ ತಿಂಗಳಲ್ಲಿ ಬೆಳಿಗ್ಗೆ ಒಂಬತ್ತು ದಾಟಿದರೆ ತಗಡಿನ ಮೇಲೆ ಕೈ ಇಡಲಾಗುವುದಿಲ್ಲ. ಮಕ್ಕಳು ಏರಿಳಿದರೆ ಡೊಳ್ಳು ಬಾರಿಸಿದಂತೆ ಕೇಳಿಸುತ್ತದೆ. ಪಕ್ಕದ ಮನೆಯ ಹಿರಿಯರು ಎರಡು ಸಲ ಸಮಾಧಾನದಿಂದ ಹೇಳಿದರು, ಮೂರನೆಯ ಸಲ ಸಮಾಧಾನ ಇರಲಿಲ್ಲ. ಕಳೆದ ವಾರ ತಗಡಿನ ತಿರುಪೊಂದು ಮೇಲೆದ್ದು ಒಬ್ಬ ಹುಡುಗನ ಅಂಗೈ ಗೀರಿದ ಮೇಲೆ ನಾನೇ ಬ್ಯಾಟರಿ ಹಿಡಿದು ರ‍್ಯಾಂಪಿನ ಅಡಿ ತೆವಳಿಕೊಂಡು ಹೋಗಿ ನೋಡಿದೆ. ನಡುವಿನ ಕಾಲಿನ ಮೇಲೆ ಬೆರಳಿನಷ್ಟು ದಪ್ಪದ ಮಣ್ಣಿನ ಕೊಳವೆ ನೆಲದಿಂದ ಪ್ಲೈವರೆಗೆ ನೇರವಾಗಿ ಏರಿತ್ತು. ಉಗುರಿನಿಂದ ಕೆರೆದರೆ ಒಳಗೆ ಬಿಳಿಯ ಒರಲೆ ಹರಿದಾಡುತ್ತಿತ್ತು, ಕಟ್ಟಿಗೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಬಿಸ್ಕತ್ತಿನಂತೆ ಒಳಹೋಯಿತು.

ಅದನ್ನು ಬಿಚ್ಚಿ ಹೊಸದಾಗಿ ಕಟ್ಟಬೇಕೆಂದಿದ್ದೇನೆ. ಹತ್ತು ವರ್ಷ ಬಾಳಬೇಕು, ಸದ್ದು ಕಡಿಮೆ ಇರಬೇಕು, ಪ್ರತಿ ಭಾನುವಾರ ತಿರುಪು ಬಿಗಿಯುವ ಕೆಲಸ ಇರಬಾರದು. ತಿಳಿದವರು ದಯವಿಟ್ಟು ಹೇಳಬೇಕು.

ಬೀದರ್_ಬಡಗಿ (ಬೀದರ್):

ಸರ್, ಕಟ್ಟಿಗೆಯನ್ನು ಬೈಯುವ ಮುನ್ನ ಅದನ್ನು ಹೇಗೆ ಬಳಸಲಾಗಿತ್ತು ಎಂಬುದನ್ನು ನೋಡಬೇಕು. ಕಾಡುಕಟ್ಟಿಗೆಯ ಕಾಲನ್ನು ಎರೆಮಣ್ಣಿನ ಮೇಲೆ ನೇರವಾಗಿ ನಿಲ್ಲಿಸಿದರೆ ಒರಲೆಗೆ ಎಲೆ ಹಾಕಿ ಊಟಕ್ಕೆ ಕರೆದಂತೆಯೇ. ಪ್ರತಿ ಕಾಲಿನ ಅಡಿಗೂ ಒಂದು ಶಹಾಬಾದ್ ಪರಸಿಯ (ಹಾಸುಗಲ್ಲಿನ) ತುಂಡಿಟ್ಟು, ನೆಲದಿಂದ ಕನಿಷ್ಠ ನಾಲ್ಕು ಇಂಚು ಎತ್ತರಿಸಿ, ಮಣ್ಣಿಗೆ ಔಷಧ ಹಾಕಿದ್ದರೆ ಈ ಅರ್ಧ ತೊಂದರೆ ಬರುತ್ತಿರಲಿಲ್ಲ. ಪ್ಲೈ ಕೊಳ್ಳುವಾಗಲೂ ಬೆಲೆಗಿಂತ ಮೊದಲು ಅಂಚಿನ ಮುದ್ರೆಯನ್ನು ಓದಬೇಕು. ಐ.ಎಸ್. (ಭಾರತೀಯ ಮಾನಕ) 303 ಎಂದು ಒತ್ತಿ ಎಂ.ಆರ್. (ತೇವ ತಡೆಯುವ ದರ್ಜೆ) ಎಂದಿದ್ದರೆ ಅದು ಮನೆಯೊಳಗಿನ ಕಪಾಟಿಗೆ ತಕ್ಕದ್ದು. ಹೊರಗಿನ ಮಳೆಗೆ ಐ.ಎಸ್. 710ರ ಮರೀನ್ ಪ್ಲೈ ಬೇಕು, ಅದರ ಕತ್ತರಿಸಿದ ಅಂಚುಗಳಿಗೆ ಎರಡು ಸಲ ಪ್ರೈಮರ್ ಕುಡಿಸಬೇಕು, ಏಕೆಂದರೆ ನೀರು ಮುಖದಿಂದಲ್ಲ, ಅಂಚಿನಿಂದ ಒಳಗಿಳಿಯುತ್ತದೆ.

ಇನ್ನು ಬಾಗುವಿಕೆ. ಹನ್ನೆರಡು ಮಿಲಿಮೀಟರಿನ ಒಂದೇ ಹಲಗೆಯನ್ನು ಆರೂವರೆ ಅಡಿ ತ್ರಿಜ್ಯಕ್ಕೆ ಬಗ್ಗಿಸಿ ತಿರುಪು ಹೊಡೆದರೆ ಅದು ಜೀವಮಾನವಿಡೀ ನೆಟ್ಟಗಾಗಲು ಎಳೆಯುತ್ತಲೇ ಇರುತ್ತದೆ, ನಿಮ್ಮ ತಿರುಪು ಮೇಲೆದ್ದದ್ದಕ್ಕೆ ಅದೂ ಒಂದು ಕಾರಣ. ಆರರಿಂದ ಒಂಬತ್ತು ಮಿಲಿಮೀಟರಿನ ಎರಡು ಪದರ ಹಾಕಿ, ಹಲಗೆಯ ಉದ್ದ ರ‍್ಯಾಂಪಿನ ಅಗಲಕ್ಕೆ ಬರುವಂತೆ ಮಲಗಿಸಿ, ಮೇಲಿನ ಸಂದು ಕೆಳಗಿನ ಸಂದಿನ ಮೇಲೆ ಬೀಳದಂತೆ ನೋಡಿಕೊಂಡರೆ ಹಲಗೆ ಹೇಳಿದ ಹಾಗೆ ಕೇಳುತ್ತದೆ. ಅಡ್ಡಪಟ್ಟಿಗಳು ಎಂಟು ಇಂಚಿಗೊಂದು ಇರಬೇಕು, ಹದಿನಾರು ಇಂಚಿಗಲ್ಲ. ಪಟ್ಟಿಯ ತಲೆಯ ಮೇಲೆ ಪಂಕ್ಚರ್ ಅಂಗಡಿಯಿಂದ ಹಳೆಯ ಲಾರಿ ಟ್ಯೂಬು ತಂದು ಕತ್ತರಿಸಿ ಅಂಟಿಸಿರಿ. ಕಿರುಗುಟ್ಟುವುದು ನಿಲ್ಲುತ್ತದೆ, ಬಡಿತವೂ ಮಂದವಾಗುತ್ತದೆ.

ಎರೆಹೊಲದ_ಗೌಂಡಿ (ಚಿತ್ತಾಪುರ ಕಡೆ):

ಬಡಗಿಯವರು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಹತ್ತು ವರ್ಷ ಎಂದು ಕೇಳಿದ್ದೀರಿ, ಜಾಗವೂ ಸ್ವಂತದ್ದು. ಸುತ್ತಲೂ ಸಿಮೆಂಟ್ ಕಾರ್ಖಾನೆಗಳಿರುವ ಈ ಜಿಲ್ಲೆಯಲ್ಲಿ ಕುಳಿತು ಪ್ಲೈಗೆ ಬಣ್ಣ ಬಳಿಯುವ ಮಾತು ನನಗೆ ರುಚಿಸುವುದಿಲ್ಲ. ಕಾಂಕ್ರೀಟಿನಲ್ಲಿ ಕಟ್ಟಿರಿ.

ಸದ್ದಿನ ಲೆಕ್ಕವನ್ನು ತೂಕದಲ್ಲಿ ನೋಡಿರಿ. ಹದಿನೆಂಟು ಮಿಲಿಮೀಟರಿನ ಪ್ಲೈ ಚದರ ಮೀಟರಿಗೆ ಹನ್ನೆರಡು ಕಿಲೊ ತೂಗುತ್ತದೆ, ಐದು ಇಂಚಿನ ಕಾಂಕ್ರೀಟು ಸುಮಾರು ಮುನ್ನೂರು ಕಿಲೊ. ಹಗುರವಾದದ್ದು, ಅಡಿಯಲ್ಲಿ ಪೊಳ್ಳಿರುವುದು ಕುಣಿಯುತ್ತದೆ, ಕುಣಿದದ್ದು ಸದ್ದು ಮಾಡುತ್ತದೆ. ಪರಸಿ ಹಾಸಿದ ಮೇಲೆ ನಾವು ಕರಣೆಯ ಹಿಡಿಯಿಂದ ಒಂದೊಂದು ಕಲ್ಲನ್ನೂ ಬಡಿದು ನೋಡುತ್ತೇವೆ. ಅಡಿಯಲ್ಲಿ ಗಾರೆ ತುಂಬಿದ್ದರೆ ಕುಟ್ಟಿದ ಪೆಟ್ಟು ಅಲ್ಲೇ ಸಾಯುತ್ತದೆ, ಪೊಳ್ಳಿದ್ದರೆ ಬೇರೆಯೇ ದನಿ ಬರುತ್ತದೆ. ನಿಮ್ಮ ರ‍್ಯಾಂಪು ಪೂರ್ತಿ ಪೊಳ್ಳು ಬಿದ್ದ ಒಂದು ದೊಡ್ಡ ಪರಸಿ ಎಂದು ತಿಳಿಯಿರಿ.

ಆದರೆ ಕಾಂಕ್ರೀಟಿಗಿಂತ ಮೊದಲು ನೆಲ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುವುದನ್ನು ನಮ್ಮ ಹೊಲಗಳಲ್ಲಿ ಎಲ್ಲರೂ ಕಂಡಿದ್ದೇವೆ. ಅದರ ಮೇಲೆ ನೇರವಾಗಿ ಹಾಕಿದ ಹಾಸು ಎರಡನೆಯ ವರ್ಷಕ್ಕೆ ಒಡೆಯುತ್ತದೆ. ಮುಂಬೈ ಐಐಟಿಯ ಪ್ರೊಫೆಸರ್ ಆರ್.ಕೆ. ಕಟ್ಟಿ ಅವರು ಎರೆಮಣ್ಣಿನ ಮೇಲೆ ಉಬ್ಬದ, ಅಂಟುಗುಣವಿರುವ ಮಣ್ಣಿನ ದಪ್ಪ ಪದರ ಹಾಕಿದರೆ ಉಬ್ಬರ ಅಡಗುತ್ತದೆ ಎಂದು ತೋರಿಸಿಕೊಟ್ಟರು, ಕಾಲುವೆ ಕೆಲಸಗಳಲ್ಲಿ ಆ ವಿಧಾನ ಬಳಕೆಯಲ್ಲಿದೆ. ನಿಮ್ಮ ಅಳತೆಗೆ ಮೂರು ಅಡಿ ಎರೆಮಣ್ಣು ತೆಗೆದು, ಒಳ್ಳೆಯ ಗರಸನ್ನು (ಗಟ್ಟಿ ಕೆಂಪು ಜಲ್ಲಿಮಣ್ಣನ್ನು) ಆರಾರು ಇಂಚಿನ ಪದರವಾಗಿ ನೀರು ಹಾಕಿ ದಿಮ್ಮಸು ಹೊಡೆದರೆ ಸಾಕು. ಬರೀ ಉಸುಕು ತುಂಬಬೇಡಿರಿ, ಅದು ನೀರನ್ನು ನೇರವಾಗಿ ಕೆಳಗಿನ ಎರೆಗೆ ಕುಡಿಸುತ್ತದೆ. ಸುತ್ತಲೂ ಮೂರು ಅಡಿ ಪರಸಿ ಹಾಸಿ ಹೊರಕ್ಕೆ ಇಳಿಜಾರು ಕೊಡಿರಿ.

ಮೂರಡಿ_ರ‍್ಯಾಂಪ್:

ಕಾಕಾ, ಪರಸಿಯ ಮಾತು ಬಂದದ್ದರಿಂದ ಕೇಳುತ್ತೇನೆ. ಶಹಾಬಾದ್ ಕಲ್ಲು ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ, ಬಿಸಿಲಿಗೂ ಮಳೆಗೂ ಏನೂ ಆಗುವುದಿಲ್ಲ. ಬಾಗಿದ ಮೈಗೆ ಅದನ್ನೇ ಹಾಸಬಾರದೇಕೆ?

ಎರೆಹೊಲದ_ಗೌಂಡಿ:

ಹಾಸಬಹುದು, ಆಡಲಾಗುವುದಿಲ್ಲ. ಎರಡು ಅಡಿಯ ಚಪ್ಪಟೆ ಕಲ್ಲನ್ನು ಆರೂವರೆ ಅಡಿ ತ್ರಿಜ್ಯದ ಬಾಗಿನ ಮೇಲಿಟ್ಟರೆ ನಡುವೆ ಹೆಚ್ಚುಕಡಿಮೆ ಒಂದು ಇಂಚಿನ ಅಂತರ ಉಳಿಯುತ್ತದೆ. ಅಲ್ಲಿಗೆ ಅದು ಬಾಗು ಅಲ್ಲ, ಮೂರು ಮಡಿಕೆ. ಆರು ಇಂಚಿನ ಪಟ್ಟಿಗಳಾಗಿ ಕೊಯ್ಸಿದರೆ ಅಂತರ ಒಂದೂವರೆ ಮಿಲಿಮೀಟರಿಗೆ ಇಳಿಯುತ್ತದೆ, ಆದರೆ ಹದಿಮೂರು ಪಟ್ಟಿಗಳಾಗುತ್ತವೆ, ಅವುಗಳ ನಡುವೆ ಹನ್ನೆರಡು ಸಂದುಗಳು. ಗಾಲಿ ಪ್ರತಿ ಸಂದಿಗೂ ಟಕ್ ಎನ್ನುತ್ತದೆ.

ಯಾದಗಿರಿಯ_ಹುಡುಗಿ (ಈಗ ಬೆಂಗಳೂರು):

ಅಣ್ಣಾ, ನಾನು ಆರು ವರ್ಷಗಳಿಂದ ಬೋರ್ಡ್ ಓಡಿಸುತ್ತಿದ್ದೇನೆ, ಕಟ್ಟುವ ಕೆಲಸದಲ್ಲಿ ಎರಡು ಸಲ ಕೈ ಜೋಡಿಸಿದ್ದೇನೆ. ಕಾಕಾ ಅವರ ಮಾತಿಗೆ ನನ್ನದೂ ಒಪ್ಪಿಗೆಯಿದೆ. ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನವಾರ್ ಎಂಬ ಹಳ್ಳಿಯಲ್ಲಿ 2015ರಲ್ಲಿ ಕಟ್ಟಿದ ಸ್ಕೇಟ್‌ಪಾರ್ಕು ಕಾಂಕ್ರೀಟಿನದ್ದೇ. ನಗರದ ಸೌಕರ್ಯ ಇಲ್ಲದ ಕಡೆ ಹಲಗೆ ಬದಲಿಸುತ್ತ ಕೂರಲು ಆಗುವುದಿಲ್ಲ ಎಂಬುದು ಅಂಥ ಜಾಗಗಳಲ್ಲಿ ಬೇಗ ಅರ್ಥವಾಗುತ್ತದೆ.

ಆದರೂ ಒಂದು ಎಚ್ಚರಿಕೆ. ಕಟ್ಟಿಗೆಯ ರ‍್ಯಾಂಪಿನ ಬಾಗು ತಪ್ಪಿದರೆ ಬಿಚ್ಚಿ ಸರಿಪಡಿಸಬಹುದು, ಕಾಂಕ್ರೀಟಿನ ಬಾಗು ತಪ್ಪಿದರೆ ಒಡೆಯಬೇಕು. ಗೌಂಡಿಗಳು ಎಷ್ಟೇ ನುರಿತವರಾಗಿದ್ದರೂ ಅವರ ಕೈಗೆ ನೇರ ಗೋಡೆಯ ಅಭ್ಯಾಸ ಇರುತ್ತದೆ, ಕಣ್ಣಳತೆಯಲ್ಲಿ ಬಾಗು ಎಳೆಯಲು ಹೇಳಿದರೆ ಅದು ಇಳಿಜಾರಾಗಿ ಬರುತ್ತದೆ, ಇಲ್ಲವೇ ಕೊನೆಯ ಒಂದು ಅಡಿಯಲ್ಲಿ ಏಕಾಏಕಿ ಕಡಿದಾಗುತ್ತದೆ. ನೀವು ಮೂರು ಅಡಿ ಎತ್ತರಕ್ಕೆ ಆರೂವರೆ ಅಡಿ ತ್ರಿಜ್ಯ ಇಟ್ಟುಕೊಂಡರೆ ಬಾಗಿನ ಬುಡದಿಂದ ತುದಿಯವರೆಗೆ ನೆಲದ ಮೇಲಿನ ಅಳತೆ ಐದೂವರೆ ಅಡಿ ಆಗುತ್ತದೆ, ಬಾಗಿನ ಮೈಯುದ್ದ ಆರೂವರೆ ಅಡಿ, ತುದಿಯಲ್ಲಿ ಕಡಿದು ಸುಮಾರು ಐವತ್ತೇಳು ಡಿಗ್ರಿ. ಕಲಿಯುವ ಮಕ್ಕಳಿಗೆ ಇದಕ್ಕಿಂತ ಕಡಿದು ಬೇಡ. ಮೊಳೆಗೆ ದಾರ ಕಟ್ಟಿ ಹದಿನೆಂಟು ಮಿಲಿಮೀಟರಿನ ಪ್ಲೈ ಮೇಲೆ ಈ ಬಾಗನ್ನು ಎಳೆದು, ಎರಡು ಫರ್ಮಾ ಕತ್ತರಿಸಿ, ಎರಡೂ ಬದಿಗೆ ನಿಲ್ಲಿಸಿರಿ. ಎಂಟೂವರೆ ಅಡಿಯ ನೆಟ್ಟನೆಯ ಅಲ್ಯುಮಿನಿಯಂ ಪಟ್ಟಿಯನ್ನು ಆ ಎರಡು ಫರ್ಮಾಗಳ ಮೇಲೆ ಅಡ್ಡಲಾಗಿಟ್ಟು ಇಬ್ಬರು ಕೆಳಗಿನಿಂದ ಮೇಲಕ್ಕೆ ಎಳೆಯುತ್ತ ಹೋದರೆ ಬಾಗು ತಾನಾಗಿ ಮೂಡುತ್ತದೆ.

ಸದ್ದಿನ ವಿಷಯದಲ್ಲಿ ಗಾಲಿಯನ್ನೂ ಮರೆಯಬೇಡಿರಿ. ಎಪ್ಪತ್ತರ ದಶಕದ ಆರಂಭದಲ್ಲಿ ಅಮೆರಿಕದ ಫ್ರಾಂಕ್ ನಾಸ್ವರ್ದಿ ಯುರೆಥೇನ್ ಎಂಬ ರಬ್ಬರಿನಂಥ ಪ್ಲಾಸ್ಟಿಕ್ಕಿನ ಗಾಲಿಗಳನ್ನು ತರುವವರೆಗೆ ಬೋರ್ಡುಗಳಿಗೆ ಜೇಡಿಮಣ್ಣಿನ, ಲೋಹದ ಗಾಲಿಗಳಿದ್ದವು, ಆ ಸದ್ದನ್ನು ಊಹಿಸಿಕೊಳ್ಳಿ. ಈಗಿನ ಗಾಲಿಗಳಲ್ಲಿಯೂ ಗಡಸುತನದ ಅಂಕಿ 99ಎ, 101ಎ ಇರುವವು ಕಲ್ಲಿನಂತೆ ಕಿರುಚುತ್ತವೆ. ಬೆಳಗಿನ ಹೊತ್ತು ಆಡುವ ಚಿಕ್ಕ ಮಕ್ಕಳಿಗೆ 78ಎ ಇಂದ 85ಎ ವರೆಗಿನವು ಸಾಕು. ಗಾಲಿಯ ಸದ್ದು ಅದರಿಂದ ತಗ್ಗುತ್ತದೆ. ಬೋರ್ಡಿನ ಬಾಲ, ಅಂದರೆ ಅದರ ಹಿಂದಿನ ತುದಿ, ನೆಲಕ್ಕೆ ಬಡಿಯುವ ಸದ್ದು ಮಾತ್ರ ಯಾವ ಗಾಲಿ ಹಾಕಿದರೂ ತಗ್ಗುವುದಿಲ್ಲ.

ನಿವೃತ್ತ_ಮಾಸ್ತರ (ಬೀದರ್):

ನಾನು ಬೋರ್ಡ್ ಹತ್ತಿದವನಲ್ಲ. ನಮ್ಮ ಗೋಡೆಯ ಆಚೆ ಇಂಥದ್ದೊಂದು ಇದ್ದು ಎರಡು ಬೇಸಿಗೆ ಅನುಭವಿಸಿದವನು, ಆದ್ದರಿಂದ ಪಕ್ಕದ ಮನೆಯವರ ಪರವಾಗಿ ಬರೆಯುತ್ತೇನೆ.

ಉರುಳುವ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ, ಫ್ಯಾನಿನ ಸದ್ದಿನಂತೆ. ತಾಳ ತಪ್ಪಿ ಬರುವ ಬಡಿತಕ್ಕೆ ಒಗ್ಗುವುದಿಲ್ಲ. ಒಂದು ಬಡಿತ ಆಯಿತು, ಮುಂದಿನದು ಯಾವಾಗ ಎಂದು ಹಾಸಿಗೆಯಲ್ಲಿ ಕಾಯುತ್ತ ಮಲಗುವುದೇ ಯಾತನೆ. ಅದಕ್ಕಿಂತ ಹೆಚ್ಚಾಗಿ, ನಮ್ಮಲ್ಲಿ ಆ ಸದ್ದು ಗಾಳಿಯಲ್ಲಿ ಬರುತ್ತಿರಲಿಲ್ಲ, ಗೋಡೆಯಲ್ಲಿ ಬರುತ್ತಿತ್ತು. ಅವರು ಕಂಪೌಂಡಿಗೆ ತಾಗಿಸಿಯೇ ಕಟ್ಟಿದ್ದರಿಂದ ಕಿಟಕಿ ಮುಚ್ಚಿದರೂ ಏನೂ ಪ್ರಯೋಜನವಾಗಲಿಲ್ಲ, ಗೋಡೆಗೆ ಕಿವಿಯಿಟ್ಟರೆ ಇನ್ನೂ ಜೋರಾಗಿ ಕೇಳುತ್ತಿತ್ತು. ನೀವು ಕಟ್ಟುವಾಗ ಕಂಪೌಂಡಿನಿಂದ ಕನಿಷ್ಠ ಮೂರು ನಾಲ್ಕು ಅಡಿ ದೂರವಿಟ್ಟು, ರ‍್ಯಾಂಪಿನ ತಳಪಾಯವೂ ಕಂಪೌಂಡಿನ ತಳಪಾಯವೂ ಎಲ್ಲಿಯೂ ಕೂಡದಂತೆ ಮಾಡಿರಿ.

ಕಾನೂನನ್ನೂ ಒಮ್ಮೆ ನೋಡಿರಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ 55 ಡೆಸಿಬೆಲ್, ಆ ಬಳಿಕ 45. ನಿಯಮದಲ್ಲಿ ಮಧ್ಯಾಹ್ನದ ನಿದ್ದೆಗೆ ರಕ್ಷಣೆಯಿಲ್ಲ. ಅದನ್ನು ಓಣಿಯ ಮರ್ಯಾದೆಯೇ ಕೊಡಬೇಕು.

ಬೀದರ್_ಬಡಗಿ:

ಮಾಸ್ತರರೇ, ದೂರದ ಮಾತು ಖಂಡಿತ ಸರಿ. ನಾನು ಇನ್ನೊಂದು ಮಾತು ಸೇರಿಸುತ್ತೇನೆ. ಬಾಡಿಗೆ ಜಾಗದಲ್ಲಿರುವವರು, ಮಾಳಿಗೆಯ ಮೇಲೆ ಇಡಬೇಕಾದವರು ಈ ಚರ್ಚೆಯನ್ನು ಓದಿ ಕಾಂಕ್ರೀಟಿನ ಹಿಂದೆ ಬೀಳಬಾರದು, ಮಾಳಿಗೆಯ ಮೇಲಂತೂ ಕೂಡದು. ಅವರಿಗೆ ಬೋಲ್ಟಿನಿಂದ ಬಿಚ್ಚಿ ಜೋಡಿಸುವ ಕಟ್ಟಿಗೆಯ ರ‍್ಯಾಂಪೇ ಸರಿ. ವಿದೇಶದಲ್ಲಿ ಅದರ ಮೇಲ್ಮೈಗೆ ಸ್ಕೇಟ್‌ಲೈಟ್ ಎಂಬ ಹಾಳೆ ಬಳಸುತ್ತಾರೆ, ಕಾಗದದ ಪದರಗಳನ್ನು ಫಿನಾಲಿಕ್ ರಾಳದಲ್ಲಿ ಅದ್ದಿ ಬಿಸಿಯಲ್ಲಿ ಒತ್ತಿ ಮಾಡಿದ್ದು ಅದು. ಅದೇ ಜಾತಿಯ ವಸ್ತು ನಮ್ಮಲ್ಲಿ ಶೌಚಾಲಯಗಳ ಅಡ್ಡಗೋಡೆಗೆ ಹಾಕುವ ಕಾಂಪ್ಯಾಕ್ಟ್ ಲ್ಯಾಮಿನೇಟ್ ಹೆಸರಿನಲ್ಲಿ ಸಿಗುತ್ತದೆ. ಆರು ಮಿಲಿಮೀಟರಿನದ್ದನ್ನು, ತೀರ ನುಣುಪಲ್ಲದ ಮೈಯದ್ದನ್ನು ಆರಿಸಿಕೊಳ್ಳಬೇಕು. ತಿರುಪಿನ ತೂತನ್ನು ತಿರುಪಿಗಿಂತ ಸ್ವಲ್ಪ ದೊಡ್ಡದಾಗಿ ಕೊರೆಯಬೇಕು, ಹಾಳೆಗಳ ನಡುವೆ ಮೂರು ಮಿಲಿಮೀಟರ್ ಬಿಡಬೇಕು, ಬಿಸಿಲಿಗೆ ಅದೂ ಹಿಗ್ಗುತ್ತದೆ. ಜಿಪ್ಸಂ ಹಲಗೆಗೆ ಬಳಸುವ ಕಪ್ಪು ತಿರುಪನ್ನು ಮಾತ್ರ ಮುಟ್ಟಬೇಡಿರಿ, ಅದರ ತಲೆ ಮುರಿಯುತ್ತದೆ.

ತಗಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ತಿರುಪು ಮೇಲೆದ್ದದ್ದಕ್ಕೆ ಅದು ಇನ್ನೊಂದು ಕಾರಣ. ಎಂಟು ಅಡಿಯ ಕಬ್ಬಿಣದ ಹಾಳೆ ಚಳಿಗಾಲದ ಬೆಳಗಿನ 15 ಡಿಗ್ರಿಯಿಂದ ಬೇಸಿಗೆಯ ಮಧ್ಯಾಹ್ನ 65 ಡಿಗ್ರಿಗೆ ಕಾದರೆ ಸುಮಾರು ಒಂದೂವರೆ ಮಿಲಿಮೀಟರ್ ಉದ್ದವಾಗುತ್ತದೆ. ಪ್ರತಿ ದಿನ ಅಷ್ಟಲ್ಲದಿದ್ದರೂ ಅದರ ಒಂದು ಪಾಲು ಹಿಗ್ಗಿ ಕುಗ್ಗಿ, ಬಿಗಿಯಾಗಿ ಹೊಡೆದ ತಿರುಪನ್ನು ನಿತ್ಯ ಅಲ್ಲಾಡಿಸುತ್ತದೆ.

ಎರೆಹೊಲದ_ಗೌಂಡಿ:

ಈಗ ಕಾಂಕ್ರೀಟಿನ ಕೆಲಸ. ಎರಡು ಬದಿಗೆ ಒಂಬತ್ತು ಇಂಚಿನ ಗೋಡೆ, ಹಿಂದಕ್ಕೊಂದು ಗೋಡೆ. ನಡುವೆ ಪೂರ್ತಿ ಗರಸು, ಒಂದು ಬೊಗಸೆಯಷ್ಟೂ ಪೊಳ್ಳು ಇಲ್ಲದಂತೆ. ಗರಸಿನ ಮೈಯನ್ನೇ ಫರ್ಮಾ ಇಟ್ಟು ಬಾಗಿನ ಆಕಾರಕ್ಕೆ, ಐದು ಇಂಚು ತಗ್ಗಿಸಿ ಕೆತ್ತಬೇಕು. ಎಂಟು ಮಿಲಿಮೀಟರಿನ ಸರಳು ಆರು ಇಂಚಿಗೊಂದರಂತೆ ಎರಡೂ ದಿಕ್ಕಿಗೆ, ಅಡಿಯಲ್ಲಿ ಸರಳನ್ನು ಎತ್ತಿ ಹಿಡಿಯಲು ಎರಡು ಇಂಚಿನ ಕವರ್ ಬ್ಲಾಕು. ಸಿಮೆಂಟು ಒಂದು, ಉಸುಕು ಒಂದು, ಖಡಿ (ಜಲ್ಲಿ) ಎರಡರ ಮಿಶ್ರಣ, ಖಡಿ ಸಣ್ಣದು. ನಿಮ್ಮ ಬಾಗಿನ ಮೈಗೆ ಮಾತ್ರ ಸುಮಾರು ಇಪ್ಪತ್ತೆರಡು ಘನ ಅಡಿ, ಅಂದರೆ ಏಳು ಚೀಲ ಸಿಮೆಂಟು.

ನೀರು ಕಡಿಮೆ ಇರಬೇಕು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆಯಾಗಿ ನಿಲ್ಲಬೇಕು, ಬೆರಳ ಸಂದಿಯಿಂದ ಹಾಲು ಸುರಿಯಬಾರದು. ನೀರು ಹೆಚ್ಚಾದ ಮಾಲು ಐವತ್ತು ಡಿಗ್ರಿಯ ಇಳಿಜಾರಿನಲ್ಲಿ ರಾತ್ರಿಯಿಡೀ ಜಾರಿ ಬುಡದಲ್ಲಿ ಹೊಟ್ಟೆ ಬಿಡುತ್ತದೆ. ಬುಡದಿಂದ ಮೇಲಕ್ಕೆ ತುಂಬುತ್ತ ಹೋಗಿರಿ, ಬಾಗನ್ನೂ ಅದರ ಮುಂದಿನ ಸಮತಟ್ಟು ಹಾಸನ್ನೂ ಒಂದೇ ದಿನ, ನಡುವೆ ಸಂದಿಲ್ಲದಂತೆ ಹಾಕಿರಿ. ಉಕ್ಕಿನ ಕರಣೆಯಿಂದ ಮೂರು ಸಲ ಸವರಬೇಕು, ಆದರೆ ಕನ್ನಡಿಯಂತೆ ಹೊಳೆಸಬಾರದು, ನಮ್ಮೂರಿನ ಧೂಳು ಕುಳಿತರೆ ಗಾಲಿ ಜಾರುತ್ತದೆ. ಸಮತಟ್ಟಿಗೆ ನೂರಕ್ಕೆ ಒಂದರಂತೆ ಹೊರ ಇಳಿಜಾರು ಇರಲಿ. ಸೆಪ್ಟೆಂಬರಿನ ಮಳೆ ಬುಡದಲ್ಲಿ ನಿಂತರೆ ಪಾಚಿ ಕಟ್ಟುತ್ತದೆ.

ಇದನ್ನು ಮೇ ತಿಂಗಳಲ್ಲಿ ಮಾಡಬೇಡಿರಿ, ದೀಪಾವಳಿ ಕಳೆಯಲಿ. ಬಿಸಿ, ಒಣ ಹವೆಯಲ್ಲಿ ಕನಿಷ್ಠ ಹತ್ತು ದಿನ ಕ್ಯೂರಿಂಗ್ ಮಾಡಬೇಕೆಂದು ಕಾಂಕ್ರೀಟಿನ ಮಾನಕವಾದ ಐ.ಎಸ್. 456 ಹೇಳುತ್ತದೆ, ನಾನು ಹದಿನಾಲ್ಕು ಎನ್ನುತ್ತೇನೆ. ಸಮತಟ್ಟಿಗೆ ನೀರು ಕಟ್ಟಿ ನಿಲ್ಲಿಸಬಹುದು, ಬಾಗಿನ ಮೈಯಲ್ಲಿ ನೀರು ನಿಲ್ಲುವುದಿಲ್ಲ, ಆದ್ದರಿಂದ ಗೋಣಿತಟ್ಟು ಹೊದಿಸಿ ಅದು ಎಂದೂ ಒಣಗದಂತೆ ನೋಡಿಕೊಳ್ಳಬೇಕು. ಮೊದಲ ಮೂರು ದಿನ ಈ ಕೆಲಸವನ್ನು ಮಕ್ಕಳಿಗೆ ವಹಿಸಬೇಡಿರಿ.

ಮೂರಡಿ_ರ‍್ಯಾಂಪ್ (ಎಂಟು ತಿಂಗಳ ನಂತರ):

ಸಲಹೆ ಕೊಟ್ಟವರಿಗೆ ವರದಿ ಒಪ್ಪಿಸುವುದು ನನ್ನ ಕರ್ತವ್ಯ. ಡಿಸೆಂಬರಿನಲ್ಲಿ ಕಟ್ಟಿಸಿದೆವು. ಕಂಪೌಂಡಿನಿಂದ ನಾಲ್ಕು ಅಡಿ ದೂರ. ಮೂರು ಅಡಿ ಎರೆ ತೆಗೆಸಿದ್ದು ಎಲ್ಲಕ್ಕಿಂತ ಹೆಚ್ಚು ಖರ್ಚಿನ ಕೆಲಸವಾಯಿತು, ಕಾಂಕ್ರೀಟಿಗಿಂತಲೂ ಹೆಚ್ಚು, ಆ ದಿನ ಮನೆಯಲ್ಲಿ ಬೈಸಿಕೊಂಡೆ.

ಬಾಗಿನ ವಿಷಯದಲ್ಲಿ ತಂಗಿ ಹೇಳಿದಂತೆಯೇ ಆಯಿತು. ನಮ್ಮ ಗೌಂಡಿ ಫರ್ಮಾ ಬೇಡ, ಕಣ್ಣಳತೆ ಸಾಕು ಎಂದು ನಕ್ಕರು. ಪಟ್ಟಿ ಎಳೆದ ಮೇಲೆ ಅವರೇ ಮಂಡಿಯೂರಿ ಒಂದು ಕಣ್ಣು ಮುಚ್ಚಿ ಬದಿಯಿಂದ ನೋಡಿ ಸುಮ್ಮನಾದರು. ಎಡಬದಿಯ ಮೇಲಿನ ಒಂದು ಅಡಿಯಲ್ಲಿ ಫರ್ಮಾ ಸ್ವಲ್ಪ ಸರಿದಿದ್ದರಿಂದ ಅಲ್ಲೊಂದು ಸಣ್ಣ ಉಬ್ಬು ಉಳಿದಿದೆ. ಮಕ್ಕಳು ಅದಕ್ಕೆ ಹೆಸರಿಟ್ಟುಕೊಂಡು ಬೇಕೆಂದೇ ಅದರ ಮೇಲೆ ಹೋಗುತ್ತಾರೆ.

ಮೇ ತಿಂಗಳು ಕಳೆಯಿತು, ಕಾಂಕ್ರೀಟು ಬಿಸಿಯಾಗುತ್ತದೆ, ತಗಡಿನಂತೆ ಸುಡುವುದಿಲ್ಲ. ಹಾಸಿನಲ್ಲಿ ಕೂದಲೆಳೆಯಂಥ ಒಂದು ಬಿರುಕು ಬಿಟ್ಟರೆ ಬೇರೇನೂ ಕಂಡಿಲ್ಲ, ಈ ಮಳೆಗಾಲ ಏನು ಮಾಡುತ್ತದೋ ನೋಡಬೇಕು. ಪಕ್ಕದ ಮನೆಯ ಹಿರಿಯರ ಕೋಣೆಯಲ್ಲಿ ಅವರ ಮಂಚದ ಮೇಲೆಯೇ ಕುಳಿತು ಮಗನಿಗೆ ಹತ್ತು ಸಲ ಏರಿಳಿಯಲು ಹೇಳಿದೆ. ಉರುಳುವ ಸದ್ದು ಫ್ಯಾನಿನ ಕೆಳಗೆ ಕೇಳಿಸಲಿಲ್ಲ. ಬಾಲದ ಬಡಿತ ಕೇಳಿಸಿತು, ದೂರದಲ್ಲಿ ಬಾಗಿಲು ಹಾಕಿದಷ್ಟು. ಆದರೆ ಬಾಗಿನ ಮೇಲಂಚಿನುದ್ದಕ್ಕೂ ಕೂರಿಸಿದ ಕಬ್ಬಿಣದ ಪೈಪಿನ ಮೇಲೆ ಬೋರ್ಡಿನ ಅಡಿಯ ಲೋಹ ಉಜ್ಜಿದಾಗ ಗಂಟೆಯಂತೆ ಝೇಂಕಾರ ಬರುತ್ತದೆ, ಹಿರಿಯರು ಅದನ್ನೇ ಬೆರಳೆತ್ತಿ ತೋರಿಸಿದರು. ಮಧ್ಯಾಹ್ನ ಒಂದರಿಂದ ನಾಲ್ಕೂವರೆವರೆಗೆ ಆಟವಿಲ್ಲ ಎಂದು ಒಪ್ಪಂದವಾಗಿದೆ. ಪೈಪಿಗೆ ಏನು ಮಾಡಲಿ? ಬಣ್ಣ ಬಳಿದರೆ ತುಕ್ಕೂ ಸದ್ದೂ ನಿಲ್ಲುತ್ತವೆಯೇ?

ಯಾದಗಿರಿಯ_ಹುಡುಗಿ:

ಬಣ್ಣ ಒಂದು ವಾರವೂ ಉಳಿಯುವುದಿಲ್ಲ ಅಣ್ಣಾ, ಉಜ್ಜಿ ಹೋಗುತ್ತದೆ, ಉಜ್ಜುವ ಜಾಗದಲ್ಲಿ ತುಕ್ಕೂ ಕೂರುವುದಿಲ್ಲ. ಆ ಎರಡು ಇಂಚಿನ ಪೈಪು ಒಳಗೆ ಖಾಲಿಯಿದೆ, ನಿಮ್ಮ ಇಡೀ ರ‍್ಯಾಂಪಿನಲ್ಲಿ ಉಳಿದಿರುವ ಪೊಳ್ಳು ಅದೊಂದೇ. ಎರಡೂ ತುದಿ ತೆರೆದಿದ್ದರೆ ಒಂದನ್ನು ವೆಲ್ಡಿಂಗ್ ಮಾಡಿಸಿ ಮುಚ್ಚಿ, ಇನ್ನೊಂದರಿಂದ ಜರಡಿ ಹಿಡಿದ ಒಣ ಉಸುಕನ್ನು ಸರಳಿನಿಂದ ಕುಟ್ಟುತ್ತ ತುಂಬಿಸಿ, ಆಮೇಲೆ ಅದನ್ನೂ ಮುಚ್ಚಿಸಿರಿ. ಉಸುಕನ್ನು ಮೊದಲು ಎರಡು ದಿನ ಬಿಸಿಲಿಗೆ ಹರವಿರಬೇಕು. ಹಸಿ ಇದ್ದರೆ ಪೈಪು ಒಳಗಿನಿಂದ ತುಕ್ಕು ಹಿಡಿಯುತ್ತದೆ, ವೆಲ್ಡಿಂಗ್ ಮಾಡುವಾಗ ಆವಿಯೂ ಸಿಡಿಯುತ್ತದೆ.